ಹಿಮ್ಮಡಿಯ ಹಗ್ಗ ಕಡಿದಾಗ

ಸಹೋದರಿಯೊಬ್ಬರು ಬರೆದ ಪತ್ರದ ಸಾರಾಂಶ ಹೀಗಿದೆ. ಅವರ ಪತಿ ಕೊಲ್ಲಿ ರಾಷ್ಟ್ರದಲ್ಲಿ ದುಡಿಯುವವರು. ನಲ್ವತ್ತೈದು ದಿನಗಳ ರಜೆಯಲ್ಲಿ ಊರಿಗೆ ಬಂದಿದ್ದರು. ಒಂದು ದಿನ ಅಸರ್ ನಮಾಝ್ ಮುಗಿಸಿ ಊರಿನ ಹುಡುಗರ ಜೊತೆ ವಾಲಿಬಾಲ್ ಆಡಲು ಹೋದರು. ಚೆಂಡಿಗಾಗಿ ಹಾರಿದಾಗ ಹಿಂದಿನಿಂದ ಯಾರೋ ಹಿಮ್ಮಡಿಗೆ ಬಲವಾಗಿ ಒದ್ದಂತಾಯಿತು. 'ಟಪ್' ಎಂಬ ಸದ್ದೂ ಕೇಳಿಸಿತಂತೆ. ತಿರುಗಿ ನೋಡಿದರೆ ಹಿಂದೆ ಯಾರೂ ಇರಲಿಲ್ಲ. ಸ್ವಲ್ಪ ಹೊತ್ತು ಕೂತು, ಕುಂಟುತ್ತಾ ನಡೆದೇ ಮನೆಗೆ ಬಂದರು. "ನರ ಉಳುಕಿದೆ" ಎಂದು ಅತ್ತೆ ನಾಲ್ಕು ದಿನ ಎಣ್ಣೆ ತಿಕ್ಕಿದರು. ಬಾವು ಇಳಿಯದಿದ್ದಾಗ ಡಾಕ್ಟರ ಬಳಿ ಹೋದರು. ಒಬ್ಬರು ಪ್ಲಾಸ್ಟರ್ ಸಾಕೆಂದರು. ಇನ್ನೊಬ್ಬರು ಉದ್ದಕ್ಕೆ ಕೊಯ್ದು ಹೊಲಿಯಬೇಕೆಂದರು. ಪೇಟೆಯ ಆಸ್ಪತ್ರೆಯ ಮೂರನೆಯವರು ಸಣ್ಣ ಗಾಯದಲ್ಲೇ ಹೊಲಿಯುವ ಹೊಸ ವಿಧಾನವಿದೆ ಎಂದರು. "ಯಾರ ಮಾತು ಕೇಳಲಿ? ರಜೆ ಮುಗಿಯಲು ಇನ್ನು ಇಪ್ಪತ್ತೆರಡು ದಿನ ಮಾತ್ರ. ಪ್ಲಾಸ್ಟರ್ ಹಾಕಿದರೆ ವುಝೂ ಹೇಗೆ, ನಮಾಝ್ ಹೇಗೆ?" ಎಂದು ಕೇಳಿದ್ದಾರೆ.

ಪತ್ರಿಕೆ ಅಚ್ಚಾಗಿ ಮನೆ ತಲಪುವ ತನಕ ಕಾಯುವ ವಿಷಯ ಇದಲ್ಲ. ಆದ್ದರಿಂದ ಅವರಿಗೆ ಆಗಲೇ ಉತ್ತರಿಸಿಯಾಗಿದೆ. ಆದರೆ ಇಂಥದ್ದು ಯಾವ ಮನೆಯಲ್ಲೂ ನಡೆಯಬಹುದು. ಈದ್ ದಿನದ ಆಟ, ಮದುವೆಮನೆಯ ಓಡಾಟ, ಶಾಲಾ ವಾರ್ಷಿಕೋತ್ಸವದಲ್ಲಿ ತಂದೆಯಂದಿರ ಓಟದ ಸ್ಪರ್ಧೆ, ಎಲ್ಲಿ ಬೇಕಾದರೂ ಆಗಬಹುದು. ಸಾಮಾನ್ಯವಾಗಿ ಇದಕ್ಕೆ ಗುರಿಯಾಗುವವರು ಮೂವತ್ತರಿಂದ ಐವತ್ತರೊಳಗಿನ ಗಂಡಸರು. ವಾರವಿಡೀ ಕುರ್ಚಿಯಲ್ಲೋ ಅಂಗಡಿಯ ಗಲ್ಲದಲ್ಲೋ ಕುಳಿತು, ಒಂದು ದಿನ ಇಪ್ಪತ್ತರ ಹುಡುಗರಂತೆ ಹಾರುವವರು! ಆದರೆ ಆಮೇಲೆ ನೀರು ಕಾಯಿಸುವುದು, ಎತ್ತಿ ಕೂರಿಸುವುದು, ಖರ್ಚಿನ ಲೆಕ್ಕ, ನಿರ್ಧಾರದ ಹೊರೆ ಎಲ್ಲವೂ ಮನೆಯ ಹೆಂಗಸರ ಪಾಲಿಗೇ ಬರುವುದರಿಂದ ಈ ಸಲದ ಅಂಕಣವನ್ನು ಇದಕ್ಕಾಗಿಯೇ ಮೀಸಲಿಡುತ್ತಿದ್ದೇನೆ. ನಾನು ಡಾಕ್ಟರಲ್ಲ. ಓದಿ ತಿಳಿದದ್ದನ್ನು ನಮ್ಮ ಮನೆಮಾತಿನಲ್ಲಿ ಹೇಳುತ್ತೇನೆ.

ಮೊದಲು ಕಡಿದದ್ದು ಏನೆಂದು ತಿಳಿಯೋಣ. ನಮ್ಮ ಕನ್ನಡದಲ್ಲಿ ರಕ್ತ ಹರಿಯುವ ನಾಳವೂ ನರ, ಮೆದುಳಿನ ಸಂದೇಶ ಒಯ್ಯುವ ತಂತುವೂ ನರ, ಮಾಂಸಖಂಡವನ್ನು ಎಲುಬಿಗೆ ಬಿಗಿಯುವ ಹಗ್ಗವೂ ನರ. ಈ ಮೂರನೆಯದಕ್ಕೆ ಪುಸ್ತಕದ ಭಾಷೆಯಲ್ಲಿ ಸ್ನಾಯುರಜ್ಜು ಎನ್ನುತ್ತಾರೆ, ಡಾಕ್ಟರು ಟೆಂಡನ್ ಎನ್ನುತ್ತಾರೆ. ಕಾಲಿನ ಮೀನಖಂಡದ ಎರಡು ಸ್ನಾಯುಗಳು ಕೆಳಗಿಳಿಯುತ್ತಾ ಒಂದಾಗಿ, ಹಿಮ್ಮಡಿಯ ಎಲುಬಿಗೆ ಅಂಟಿಕೊಳ್ಳುವ ದಪ್ಪ ಹಗ್ಗವೇ ಅಕಿಲಿಸ್ ಟೆಂಡನ್. ಹಿಮ್ಮಡಿಯ ಮೇಲೆ ಎರಡು ಬೆರಳಿನಿಂದ ಹಿಡಿದರೆ ಗಟ್ಟಿಯಾಗಿ ಸಿಗುತ್ತದಲ್ಲ, ಅದೇ. ದೇಹದ ಎಲ್ಲ ಟೆಂಡನ್‌ಗಳಲ್ಲಿ ಅತ್ಯಂತ ದೊಡ್ಡದೂ ಬಲವಾದದ್ದೂ ಇದು. ಓಡುವಾಗ, ಹಾರುವಾಗ ದೇಹದ ತೂಕದ ಹಲವು ಪಟ್ಟು ಎಳೆತವನ್ನು ತಾಳುತ್ತದೆ. ಆದರೆ ಹಿಮ್ಮಡಿಯ ಎಲುಬಿನಿಂದ ಎರಡರಿಂದ ಆರು ಸೆಂಟಿಮೀಟರ್ ಮೇಲೆ ಅದಕ್ಕೆ ರಕ್ತದ ಸರಬರಾಜು ಕಡಿಮೆ. ಹೆಚ್ಚಾಗಿ ಕಡಿಯುವುದು ಅಲ್ಲೇ.

ಅಕಿಲಿಸ್ ಎಂಬುದು ಗ್ರೀಕರ ಪುರಾಣದ ವೀರನೊಬ್ಬನ ಹೆಸರು. ತಾಯಿ ಅವನ ಹಿಮ್ಮಡಿ ಹಿಡಿದು ಮಾಯಾನದಿಯಲ್ಲಿ ಅದ್ದಿದಳಂತೆ, ನೀರು ತಾಗದ ಹಿಮ್ಮಡಿ ಮಾತ್ರ ದುರ್ಬಲವಾಗಿ ಉಳಿಯಿತಂತೆ. 1693ರಲ್ಲಿ ಫಿಲಿಪ್ ವೆರ್‌ಹೇಯನ್ ಎಂಬ ಶರೀರಶಾಸ್ತ್ರಜ್ಞ ಈ ಹೆಸರನ್ನು ಪುಸ್ತಕಕ್ಕೆ ತಂದ. ನಮ್ಮ ಮದ್ರಸಗಳಲ್ಲಿ ಓದಿದವರಿಗೆ ಇದಕ್ಕೆ ಬೇರೆಯೇ ಹೆಸರು ಗೊತ್ತು. ಅರಬಿಯಲ್ಲಿ ಇದು ಉರ್ಕೂಬ್, ಬಹುವಚನದಲ್ಲಿ ಅರಾಕೀಬ್. ವುಝೂ ಮಾಡುವಾಗ ಹಿಮ್ಮಡಿಗಳನ್ನು ಒಣಗಿದಂತೆಯೇ ಬಿಡುವವರಿಗೆ ಪ್ರವಾದಿವರ್ಯರು(ಸ) ನರಕದ ಎಚ್ಚರಿಕೆ ನೀಡಿದ ಹದೀಸ್ ಎಲ್ಲರಿಗೂ ತಿಳಿದದ್ದೇ. ಸಹೀಹ್ ಮುಸ್ಲಿಮ್‌ನ ಒಂದು ವರದಿಯಲ್ಲಿ ಅಲ್ಲಿ ಬಂದಿರುವ ಪದ ಇದೇ 'ಅರಾಕೀಬ್'. ಗ್ರೀಕರ ಕಥೆಯಲ್ಲಿ ನೀರು ತಾಗದೆ ಉಳಿದ ಜಾಗಕ್ಕೆ ನೀರು ತಾಗಿಸಿರೆಂದು ನಮಗೆ ದಿನಕ್ಕೆ ಐದು ಬಾರಿ ಆಜ್ಞೆ! ಕಥೆಗೂ ಹದೀಸಿಗೂ ಏನೂ ಸಂಬಂಧವಿಲ್ಲ, ನೆನಪಾಯಿತೆಂದು ಹೇಳಿದೆ.

ಎಲ್ಲವನ್ನೂ 'ನರ' ಎನ್ನುವ ಗೊಂದಲ ನಮ್ಮದು ಮಾತ್ರವಲ್ಲ. ಪ್ರಾಚೀನ ವೈದ್ಯ ಗ್ಯಾಲನ್ ಕೂಡ ಟೆಂಡನ್‌ನಲ್ಲಿ ನರದ ಅಂಶವಿದೆಯೆಂದು ನಂಬಿ, ಅದಕ್ಕೆ ಸೂಜಿ ಚುಚ್ಚಿದರೆ ಸೆಳವು ಬರುತ್ತದೆಂದು ಹೆದರಿದ್ದ. ಆ ಹೆದರಿಕೆಯನ್ನು ಲೆಕ್ಕಿಸದೆ, ಕಡಿದ ಟೆಂಡನ್ನನ್ನು ಹೊಲಿಯಬಹುದೆಂದು ಬರೆದವರಲ್ಲಿ 1037ರಲ್ಲಿ ತೀರಿಕೊಂಡ ಇಬ್ನು ಸೀನಾ ಪ್ರಮುಖರು. ಅವರಿಗಿಂತ ಸ್ವಲ್ಪ ಹಿಂದೆ ಕುರ್ತುಬಾದ ಅಬುಲ್ ಕಾಸಿಮ್ ಅಝ್ಝಹ್ರಾವಿ ಪ್ರಾಣಿಯ ಕರುಳಿನ ದಾರದಿಂದ ಒಳಗಾಯ ಹೊಲಿಯುವುದನ್ನು ತಮ್ಮ 'ಅತ್ತಸ್ರೀಫ್' ಗ್ರಂಥದಲ್ಲಿ ದಾಖಲಿಸಿದ್ದರು. ಈಗ ಈ ಆಪರೇಷನ್‌ಗೆ ಹೆಚ್ಚಾಗಿ ಬಳಸುವುದು ಕೃತಕ ನೂಲು.

ಇನ್ನು ಪತ್ರಕ್ಕೆ ಬರೋಣ. ನಡೆದೇ ಮನೆಗೆ ಬಂದರು ಎಂಬುದರಿಂದಲೇ ಮನೆಯವರು ಮೋಸ ಹೋದದ್ದು. ಹಗ್ಗ ಪೂರ್ತಿ ಕಡಿದರೂ ಮೊದಲ ನೋವು ಬೇಗ ಇಳಿಯಬಹುದು. ಪಾದವನ್ನು ಕೆಳಕ್ಕೆ ಬಾಗಿಸುವ ಬೇರೆ ಸಣ್ಣ ಸ್ನಾಯುಗಳಿರುವುದರಿಂದ ಬೆರಳು ಆಡಿಸಬಹುದು, ಪಾದ ಊರಿ ನಡೆಯಲೂಬಹುದು. ಇದೇ ಕಾರಣದಿಂದ ಸುಮಾರು ಐವರಲ್ಲಿ ಒಬ್ಬರ ವಿಷಯದಲ್ಲಿ ಮೊದಲ ತಪಾಸಣೆಯಲ್ಲೇ ಇದು ಕಣ್ತಪ್ಪಿ ಉಳುಕೆಂದು ದಾಖಲಾಗುತ್ತದೆ. ಆದರೆ ಆ ಒಂದೇ ಕಾಲಿನಲ್ಲಿ ತುದಿಗಾಲ ಮೇಲೆ ನಿಲ್ಲಲು ಮಾತ್ರ ಸಾಧ್ಯವಾಗುವುದಿಲ್ಲ. ಡಾಕ್ಟರು ಮಾಡುವ ಒಂದು ಸರಳ ಪರೀಕ್ಷೆಯಿದೆ. ಬ್ರಿಟನ್‌ನ ಸಿಮಂಡ್ಸ್ 1957ರಲ್ಲಿ, ಅಮೆರಿಕದ ಥಾಂಪ್ಸನ್ 1962ರಲ್ಲಿ ಇದನ್ನು ಬರೆದರು. ರೋಗಿಯನ್ನು ಬೋರಲಾಗಿ ಮಲಗಿಸಿ, ಪಾದಗಳು ಮಂಚದಿಂದ ಹೊರಗೆ ಇರುವಂತೆ ಮಾಡಿ, ಮೀನಖಂಡವನ್ನು ಮೆಲ್ಲಗೆ ಹಿಂಡುವುದು. ಸರಿಯಿರುವ ಕಾಲಿನ ಪಾದ ಕೆಳಕ್ಕೆ ಬಾಗುತ್ತದೆ. ಕಡಿದ ಕಾಲಿನ ಪಾದ ಅಲುಗುವುದಿಲ್ಲ. ಎರಡು ಕಾಲುಗಳನ್ನೂ ಹೋಲಿಸಿ ನೋಡಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಎಕ್ಸ್‌ರೇಯಲ್ಲಿ ಎಲುಬು ಕಾಣುವುದೇ ಹೊರತು ಈ ಹಗ್ಗ ಸರಿಯಾಗಿ ಕಾಣುವುದಿಲ್ಲ. ಆದ್ದರಿಂದ "ಎಕ್ಸ್‌ರೇ ಚೆನ್ನಾಗಿದೆ" ಎಂಬುದನ್ನೇ ಹಿಡಿದು ಸಮಾಧಾನಪಡಬೇಡಿ. ಸಂದೇಹವಿದ್ದರೆ ಅಲ್ಟ್ರಾಸೌಂಡ್‌ನಲ್ಲಿ ತಿಳಿಯುತ್ತದೆ.

ಎಣ್ಣೆ ತಿಕ್ಕುವ ಬಗ್ಗೆ ಒಂದು ಮಾತು. ಅತ್ತೆಯವರ ಉದ್ದೇಶ ಒಳ್ಳೆಯದೇ, ಮಗನ ಕಾಲು ತಾನೇ. ಆದರೆ ಕಡಿದ ಹಗ್ಗದ ತುದಿಗಳನ್ನು ತಿಕ್ಕಿ, ಪಾದವನ್ನು ಮೇಲಕ್ಕೆ ಮಡಚಿ ಎಳೆದರೆ ತುದಿಗಳು ಇನ್ನಷ್ಟು ದೂರ ಸರಿಯುತ್ತವೆ. ಅಲ್ಲದೆ ಇಂಥ ಗಾಯವಾದ ಕಾಲಿನ ಮೀನಖಂಡದ ಒಳಗೆ ರಕ್ತ ಹೆಪ್ಪುಗಟ್ಟಿರುವ ಸಂಭವವೂ ಇದೆ. ಅಲ್ಲಿ ಮಾಲೀಸು ಮಾಡುವುದು ಅಪಾಯ. ಪಾದದ ಬೆರಳುಗಳು ಕೆಳಮುಖವಾಗಿರುವಂತೆ ಕಾಲನ್ನು ಆಧಾರ ಕೊಟ್ಟು ಕಟ್ಟಿ, ಎತ್ತರದಲ್ಲಿಟ್ಟು, ಬಟ್ಟೆಯಲ್ಲಿ ಸುತ್ತಿದ ಐಸ್ ಇಟ್ಟು ಆಸ್ಪತ್ರೆಗೆ ಕರೆದೊಯ್ಯುವುದೇ ಮನೆಮದ್ದು. ದಿನಗಳ ಲೆಕ್ಕ ಇಲ್ಲಿ ಮುಖ್ಯ. ಎರಡು ವಾರದೊಳಗಾದರೆ ತುದಿಗಳನ್ನು ಸುಲಭವಾಗಿ ಜೋಡಿಸಬಹುದು. ನಾಲ್ಕಾರು ವಾರ ಕಳೆದರೆ ಮೀನಖಂಡ ಮೇಲಕ್ಕೆ ಕುಗ್ಗಿ, ನಡುವೆ ತೆರಪು ಬಿದ್ದು, ಬೇರೆ ಬೆರಳಿನ ಟೆಂಡನ್ನನ್ನು ತಂದು ಜೋಡಿಸುವಂಥ ದೊಡ್ಡ ಆಪರೇಷನ್ನೇ ಬೇಕಾಗಬಹುದು.

ಆಟವಾಡದವರಿಗೂ ಇದು ಆಗುವ ಒಂದು ಕಾರಣವನ್ನು ಹೇಳಿ ಮುಂದೆ ಹೋಗುತ್ತೇನೆ. ಸಿಪ್ರೋಫ್ಲಾಕ್ಸಾಸಿನ್, ಆಫ್ಲಾಕ್ಸಾಸಿನ್, ಲೆವೊಫ್ಲಾಕ್ಸಾಸಿನ್ ಎಂಬ ಗುಂಪಿನ ಆಂಟಿಬಯಾಟಿಕ್‌ಗಳು ಟೆಂಡನ್ನನ್ನು ದುರ್ಬಲಗೊಳಿಸಬಲ್ಲವು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2008ರಲ್ಲಿ ಈ ಬಗ್ಗೆ ಕಟ್ಟುನಿಟ್ಟಿನ ಎಚ್ಚರಿಕೆಯನ್ನು ಔಷಧದ ಚೀಟಿಯಲ್ಲೇ ಮುದ್ರಿಸುವಂತೆ ಹೇಳಿತು. ಅರುವತ್ತು ದಾಟಿದವರಿಗೆ, ಸ್ಟಿರಾಯ್ಡ್ ಸೇವಿಸುವವರಿಗೆ ಅಪಾಯ ಹೆಚ್ಚು. ಹೊಟ್ಟೆ ಕೆಟ್ಟಾಗ, ಮೂತ್ರ ಉರಿಯಾದಾಗ ಚೀಟಿಯಿಲ್ಲದೆ ಮೆಡಿಕಲ್‌ನಿಂದ ತಂದು ನುಂಗುವ ಮಾತ್ರೆಗಳಲ್ಲಿ ಇವೇ ಇರುತ್ತವೆ. ಡಾಕ್ಟರು ಅಗತ್ಯವೆಂದು ಬರೆದುಕೊಟ್ಟರೆ ತೆಗೆದುಕೊಳ್ಳಲೇಬೇಕು. ಆದರೆ ಸ್ವಂತ ಡಾಕ್ಟರಿಕೆ ಬೇಡ. ಆ ಮಾತ್ರೆ ತಿನ್ನುವಾಗ ಹಿಮ್ಮಡಿಯ ಹಿಂದೆ ನೋವು ಕಂಡರೆ ತಡಮಾಡದೆ ಡಾಕ್ಟರಿಗೆ ತಿಳಿಸಿ.

ಈಗ ಮೂವರು ಡಾಕ್ಟರು ಹೇಳಿದ ಮೂರು ದಾರಿಗಳು. ಮೂವರಲ್ಲಿ ಯಾರೂ ಸುಳ್ಳು ಹೇಳಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಆಪರೇಷನ್ ಇಲ್ಲದ ದಾರಿಯಲ್ಲಿ ಪಾದವನ್ನು ಕೆಳಮುಖವಾಗಿ ಇರಿಸಿ ಪ್ಲಾಸ್ಟರ್ ಹಾಕುತ್ತಾರೆ. ಅಥವಾ ಹಿಮ್ಮಡಿಯ ಕೆಳಗೆ ಮೆಟ್ಟಿಲಿನಂತೆ ದಪ್ಪ ತುಂಡುಗಳನ್ನಿಟ್ಟ ದೊಡ್ಡ ಬೂಟು ತೊಡಿಸುತ್ತಾರೆ. ತುದಿಗಳು ಹತ್ತಿರ ಬಂದು ತಾವೇ ಕೂಡಿಕೊಳ್ಳುತ್ತವೆ. ಬ್ರಿಟನ್‌ನಲ್ಲಿ 540 ಮಂದಿಯ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪ್ಲಾಸ್ಟರ್ ಹಾಕಿದವರಿಗೂ ಬೂಟು ತೊಟ್ಟು ಬೇಗನೇ ಕಾಲೂರಿದವರಿಗೂ ಒಂಬತ್ತು ತಿಂಗಳ ಬಳಿಕ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಎರಡನೆಯದು ಹಳೆಯ ತೆರೆದ ಆಪರೇಷನ್. ಹಿಮ್ಮಡಿಯ ಮೇಲೆ ಸುಮಾರು ಹತ್ತು ಸೆಂಟಿಮೀಟರ್ ಉದ್ದಕ್ಕೆ ಕೊಯ್ದು, ಕಣ್ಣಾರೆ ನೋಡಿ ತುದಿಗಳನ್ನು ಹೊಲಿಯುವುದು. ಹೊಲಿಗೆ ಗಟ್ಟಿ. ಆದರೆ ಆ ಜಾಗದ ಚರ್ಮ ತೆಳು, ಕೆಳಗೆ ಮಾಂಸವಿಲ್ಲ, ರಕ್ತ ಕಡಿಮೆ. ಗಾಯ ಒಣಗದೆ ಕೀವಾದರೆ ತಿಂಗಳುಗಟ್ಟಲೆ ಡ್ರೆಸ್ಸಿಂಗ್. ಸಕ್ಕರೆ ಕಾಯಿಲೆಯವರಿಗೆ, ಬೀಡಿ ಸಿಗರೇಟು ಬಿಡದವರಿಗೆ ಈ ಭಯ ಇನ್ನೂ ಹೆಚ್ಚು.

ಈ ಗಾಯದ ಕಾಟ ತಪ್ಪಿಸಲೆಂದೇ ಮೂರನೆಯ ದಾರಿ ಹುಟ್ಟಿತು. ಇದನ್ನು ಹೆಂಗಸರಿಗೆ ವಿವರಿಸುವುದು ಸುಲಭ. ಸಲ್ವಾರಿನ ಲಾಡಿ ಒಳಗೇ ತುಂಡಾದರೆ ನಾವು ಏನು ಮಾಡುತ್ತೇವೆ? ಪಟ್ಟಿಯ ಹೊಲಿಗೆಯನ್ನು ಸುತ್ತಲೂ ಬಿಚ್ಚುವುದಿಲ್ಲ. ಸಣ್ಣ ಬಾಯಿಯಿಂದ ಪಿನ್ನು ತೂರಿಸಿ, ಹೊರಗಿನಿಂದ ಬೆರಳಲ್ಲಿ ತಡವುತ್ತಾ ಕೆಲಸ ಮುಗಿಸುತ್ತೇವೆ. ಅಕಿಲಿಸ್ ಟೆಂಡನ್ ಕೂಡ ಲಾಡಿಯಂತೆ ಒಂದು ತೆಳು ಹೊದಿಕೆಯೊಳಗಿದೆ. ಆ ಹೊದಿಕೆಯಿಂದಲೇ ಅದಕ್ಕೆ ಬಹುಪಾಲು ರಕ್ತ ಸಿಗುವುದು. ಅದನ್ನು ಉದ್ದಕ್ಕೆ ಸೀಳದೆ ಹೊಲಿದರೆ ಮಾಯುವುದೂ ಚೆನ್ನ.

1977ರಲ್ಲಿ ಅಮೆರಿಕದ ಮಾ ಮತ್ತು ಗ್ರಿಫಿತ್ ಎಂಬ ಇಬ್ಬರು ಚರ್ಮದಲ್ಲಿ ಸಣ್ಣ ಸಣ್ಣ ತೂತುಗಳನ್ನು ಮಾತ್ರ ಮಾಡಿ, ಒಳಗೆ ನೋಡದೆಯೇ ಸೂಜಿ ಹಾಯಿಸಿ ಹೊಲಿಯುವ ವಿಧಾನ ಪ್ರಕಟಿಸಿದರು. ಗಾಯದ ತೊಂದರೆ ಕಡಿಮೆಯಾಯಿತು. ಆದರೆ ಹೊಸ ತೊಂದರೆ ಬಂತು. ಕಾಲಿನ ಹೊರ ಅಂಚಿನಲ್ಲಿ, ಟೆಂಡನ್ನಿಗೆ ತೀರಾ ಹತ್ತಿರದಲ್ಲಿ ಸ್ಪರ್ಶದ ನರವೊಂದು (ಇದು ನಿಜವಾದ ನರ, ಸ್ಯೂರಲ್ ನರ) ಇಳಿಯುತ್ತದೆ. ಕಾಣದೆ ಚುಚ್ಚಿದ ಸೂಜಿ ಅದನ್ನು ತಿವಿಯುತ್ತಿತ್ತು, ದಾರ ಅದನ್ನು ಬಿಗಿದುಬಿಡುತ್ತಿತ್ತು. ಆಗ ಪಾದದ ಹೊರಬದಿ ಜೋಮು ಹಿಡಿದಂತೆ, ಇಲ್ಲವೇ ಉರಿದಂತೆ ಆಗುತ್ತದೆ.

ಬಳಿಕ ಎರಡನ್ನೂ ಬೆರೆಸುವ ಯೋಚನೆ ಬಂತು. 1995ರಲ್ಲಿ ಜಪಾನಿನ ಕಾಕಿಯುಚಿ, 2002ರಲ್ಲಿ ಸ್ವಿಟ್ಜರ್ಲೆಂಡಿನ ಜಿನೀವಾದ ಅಸ್ಸಲ್ ಮತ್ತು ಸಂಗಡಿಗರು ಬರೆದ ವಿಧಾನಗಳು ಈ ಬಗೆಯವು. ಅಸ್ಸಲ್ ಅವರ ಉಪಕರಣಕ್ಕೆ ಅಕಿಲಾನ್ ಎಂದು ಹೆಸರು. ರೋಗಿಯನ್ನು ಬೋರಲು ಮಲಗಿಸಿ, ಕಡಿದ ಜಾಗದಲ್ಲಿ ಎರಡು ಮೂರು ಸೆಂಟಿಮೀಟರಿನಷ್ಟೇ ಕೊಯ್ಯುತ್ತಾರೆ. ಟೆಂಡನ್ನಿನ ತುದಿಯನ್ನು ಚಿಮಟದಲ್ಲಿ ಹಿಡಿಯುತ್ತಾರೆ. ಉಪಕರಣಕ್ಕೆ ಫೋರ್ಕಿನಂತೆ ನಾಲ್ಕು ಕಡ್ಡಿಗಳು. ಒಳಗಿನ ಎರಡು ಕಡ್ಡಿಗಳು ಹೊದಿಕೆಯೊಳಗೆ ಟೆಂಡನ್ನಿನ ಎಡಬಲಕ್ಕೆ ಜಾರುತ್ತವೆ, ಹೊರಗಿನ ಎರಡು ಚರ್ಮದ ಹೊರಗೇ ಉಳಿಯುತ್ತವೆ. ನಾಲ್ಕರಲ್ಲೂ ಒಂದೇ ಸಾಲಿನಲ್ಲಿ ತೂತುಗಳಿವೆ. ಹೊರಗಿನ ತೂತಿನಿಂದ ಹೊರಟ ಸೂಜಿ ಚರ್ಮ, ಒಳಗಿನ ಕಡ್ಡಿ, ಟೆಂಡನ್, ಇನ್ನೊಂದು ಕಡ್ಡಿ, ಆಚೆಯ ಚರ್ಮ ಹಾದು ಹೊರಬರುತ್ತದೆ. ಹೀಗೆ ಮೂರು ದಾರಗಳು. ಇನ್ನು ಇದರ ಜಾಣ್ಮೆ ನೋಡಿ. ಉಪಕರಣವನ್ನು ಗಾಯದ ಬಾಯಿಯಿಂದ ಹೊರಕ್ಕೆ ಎಳೆದಾಗ ಒಳಗಿನ ಕಡ್ಡಿಗಳು ದಾರದ ತುದಿಗಳನ್ನೂ ಜೊತೆಯಲ್ಲಿ ಎಳೆದು ತರುತ್ತವೆ. ಚರ್ಮದಲ್ಲೂ ಅದರ ಕೆಳಗಿನ ನರದ ದಾರಿಯಲ್ಲೂ ಇದ್ದ ದಾರ ಕಳಚಿ, ಹೊದಿಕೆಯೊಳಗೆ ಟೆಂಡನ್ನಿನಲ್ಲಿ ಮಾತ್ರ ಉಳಿಯುತ್ತದೆ. ಕೆಳಗಿನ ತುದಿಗೂ ಹೀಗೆಯೇ ಮಾಡಿ, ಪಾದವನ್ನು ಕೆಳಕ್ಕೆ ಬಾಗಿಸಿ, ಮೇಲಿನ ದಾರಗಳನ್ನು ಕೆಳಗಿನ ದಾರಗಳಿಗೆ ಜೋಡಿಜೋಡಿಯಾಗಿ ಬಿಗಿಯುತ್ತಾರೆ. ಆಮೇಲೆ ಹೊದಿಕೆ ಮತ್ತು ಚರ್ಮ ಹೊಲಿದರೆ ಮುಗಿಯಿತು. ಇಂಥ ಉಪಕರಣಗಳು ಈಗ ಬೇರೆ ಬೇರೆ ಬಗೆಯವು ಇವೆ. ದುಬಾರಿ ಉಪಕರಣದ ಬದಲು ಉಂಗುರದ ಬಾಯಿಯ ಸಾಮಾನ್ಯ ಇಕ್ಕಳಗಳನ್ನೇ ಬಳಸಿ ಇದೇ ಕೆಲಸ ಮಾಡುವ ಸರ್ಜನ್‌ಗಳೂ ಇದ್ದಾರೆ.

ಹಾಗಾದರೆ ಇದೇ ಎಲ್ಲಕ್ಕಿಂತ ಉತ್ತಮವೇ? ಜಾಹೀರಾತಿನಲ್ಲಿ ಹಾಗೆ ಕಾಣುತ್ತದೆ. ನಾರ್ವೆಯ ನಾಲ್ಕು ಆಸ್ಪತ್ರೆಗಳಲ್ಲಿ ಐನೂರಕ್ಕೂ ಹೆಚ್ಚು ರೋಗಿಗಳನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿ, ಒಂದು ಗುಂಪಿಗೆ ಆಪರೇಷನ್ ಇಲ್ಲದೆ, ಒಂದಕ್ಕೆ ತೆರೆದ ಆಪರೇಷನ್, ಒಂದಕ್ಕೆ ಸಣ್ಣ ಗಾಯದ ಆಪರೇಷನ್ ಮಾಡಿ ನೋಡಿದರು. ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಒಂದು ವರ್ಷದ ಬಳಿಕ ನಡೆಯಲು, ಮೆಟ್ಟಿಲು ಹತ್ತಲು, ಓಡಲು ಎಷ್ಟು ಕಷ್ಟವೆಂದು ರೋಗಿಗಳನ್ನೇ ಕೇಳಿದಾಗ ಮೂರು ಗುಂಪುಗಳೂ ಸರಿಸುಮಾರು ಒಂದೇ! ಆದರೆ ಟೆಂಡನ್ ಮತ್ತೆ ಕಡಿದದ್ದು ಆಪರೇಷನ್ ಇಲ್ಲದವರಲ್ಲಿ ನೂರಕ್ಕೆ 6.2, ಆಪರೇಷನ್ ಆದ ಎರಡೂ ಗುಂಪುಗಳಲ್ಲಿ ನೂರಕ್ಕೆ 0.6 ಮಾತ್ರ. ನರಕ್ಕೆ ಪೆಟ್ಟಾದದ್ದು ಇದಕ್ಕೆ ತಿರುವುಮುರುವು. ಆಪರೇಷನ್ ಇಲ್ಲದವರಲ್ಲಿ ನೂರಕ್ಕೆ 0.6, ತೆರೆದ ಆಪರೇಷನ್‌ನಲ್ಲಿ 2.8, ಸಣ್ಣ ಗಾಯದ್ದರಲ್ಲಿ 5.2.

ಈ ಅಂಕಿಗಳನ್ನು ನಾನು ಎರಡು ಮೂರು ಸಲ ಓದಿದೆ. ಸಣ್ಣ ಗಾಯ ಎಂದರೆ ಸಣ್ಣ ಅಪಾಯ ಎಂದು ಭಾವಿಸುವ ನಮಗೆ ಇದು ಯೋಚಿಸಬೇಕಾದ ಮಾತು. ಸಣ್ಣ ಬಾಯಿಯಿಂದ ಕೆಲಸ ಮಾಡುವವರ ಕೈ ಹೆಚ್ಚು ಪಳಗಿರಬೇಕು. ಆದ್ದರಿಂದ "ಹೊಸ ವಿಧಾನ ಇದೆಯೇ?" ಎಂದು ಕೇಳುವುದಕ್ಕಿಂತ "ಈ ವಿಧಾನದಲ್ಲಿ ನೀವು ಎಷ್ಟು ಮಂದಿಗೆ ಮಾಡಿದ್ದೀರಿ ಡಾಕ್ಟರೇ?" ಎಂದು ಕೇಳುವುದು ಮೇಲು. ಹೀಗೆ ಕೇಳಿದರೆ ಒಳ್ಳೆಯ ಡಾಕ್ಟರು ಮುನಿಸಿಕೊಳ್ಳುವುದಿಲ್ಲ. ತೆರೆದ ವಿಧಾನದಲ್ಲೇ ಪಳಗಿದ ಪ್ರಾಮಾಣಿಕ ಸರ್ಜನ್ ನಿಮ್ಮ ಊರಲ್ಲಿದ್ದರೆ, ಗಾಯದ ಗುರುತು ದೊಡ್ಡದಾಗುತ್ತದೆಂಬ ಒಂದೇ ಕಾರಣಕ್ಕೆ ಅವರನ್ನು ಬಿಟ್ಟು ದೂರ ಓಡಬೇಕಾಗಿಲ್ಲ. ಗಂಡಸಿನ ಹಿಮ್ಮಡಿಯ ಕಲೆಯನ್ನು ಯಾರು ನೋಡುತ್ತಾರೆ?

ಪತ್ರ ಬರೆದ ಸಹೋದರಿಗೆ ನಾನು ಹೇಳಿದ್ದು ಇಷ್ಟು. ನಿಮ್ಮ ಮನೆಯವರಿಗೆ ವಯಸ್ಸು ಮೂವತ್ತೆಂಟು, ಸಕ್ಕರೆ ಕಾಯಿಲೆಯಿಲ್ಲ, ಸಿಗರೇಟಿಲ್ಲ. ಅವರದು ಏಣಿ ಹತ್ತಿ ಭಾರ ಎತ್ತುವ ಕೆಲಸ. ಇನ್ನೊಮ್ಮೆ ಕಡಿಯುವ ಸಂಭವ ಕಡಿಮೆ ಮಾಡುವುದೇ ಅವರಿಗೆ ಮುಖ್ಯವಾದ್ದರಿಂದ ಆಪರೇಷನ್ ಕಡೆಗೆ ತೂಕ ಹೆಚ್ಚು. ಕಡಿದು ಎರಡು ವಾರ ದಾಟದಿರುವುದರಿಂದ ಸಣ್ಣ ಗಾಯದ ವಿಧಾನಕ್ಕೂ ಅವಕಾಶವಿದೆ. ಕೊನೆಯ ಮಾತು ಕಾಲನ್ನು ಮುಟ್ಟಿ ನೋಡಿದ ಡಾಕ್ಟರದ್ದು. ಇದೇ ಪ್ರಶ್ನೆಯನ್ನು ಅರುವತ್ತೈದರ, ಸಕ್ಕರೆ ಕಾಯಿಲೆಯ ತಂದೆಯ ಬಗ್ಗೆ ಕೇಳಿದ್ದರೆ, ಬೂಟು ತೊಡಿಸಿ ಮನೆಯಲ್ಲೇ ಇರಿಸಿಕೊಳ್ಳುವ ದಾರಿಯ ಬಗ್ಗೆ ಡಾಕ್ಟರಲ್ಲಿ ಮೊದಲು ಮಾತಾಡಿ ಎನ್ನುತ್ತಿದ್ದೆ. ಅದು ಬಡವರ ಚಿಕಿತ್ಸೆಯಲ್ಲ. ಇಂಥವರಿಗೆ ಎಷ್ಟೋ ಸಲ ಅದೇ ಜಾಣತನದ ಆಯ್ಕೆ.

ಖರ್ಚು ಕೇಳುವಾಗ ಆಪರೇಷನ್ ಖರ್ಚನ್ನು ಮಾತ್ರ ಕೇಳಬೇಡಿ. ಉಪಕರಣ, ಬೂಟು, ಊರುಗೋಲು, ಫಿಸಿಯೋಥೆರಪಿ ಸೇರಿ ಎಷ್ಟೆಂದು ಕೇಳಿ. ಬಿಪಿಎಲ್ ಕಾರ್ಡಿನವರು ಆಸ್ಪತ್ರೆಯಲ್ಲಿ ಆರೋಗ್ಯಮಿತ್ರರನ್ನು ಮೊದಲೇ ಭೇಟಿಯಾಗಲಿ.

ಇನ್ನು ರಜೆ. ಇಪ್ಪತ್ತೆರಡು ದಿನಗಳಲ್ಲಿ ವಿಮಾನ ಹತ್ತಿ ಕೆಲಸಕ್ಕೆ ಹಾಜರಾಗುವ ಆಸೆಯನ್ನು ಯಾವ ವಿಧಾನದಲ್ಲೂ ಇಟ್ಟುಕೊಳ್ಳಬೇಡಿ. ಗಾಯ ಸಣ್ಣದಾದರೂ ಹಗ್ಗ ಕೂಡಿಕೊಳ್ಳುವ ಕಾಲ ಸಣ್ಣದಾಗುವುದಿಲ್ಲ. ಎರಡು ವಾರಕ್ಕೆ ಹೊಲಿಗೆ ಬಿಚ್ಚುತ್ತಾರೆ. ಆರರಿಂದ ಎಂಟು ವಾರ ಬೂಟು, ಅದರಲ್ಲಿ ಹಿಮ್ಮಡಿಯ ಕೆಳಗಿನ ತುಂಡುಗಳನ್ನು ಒಂದೊಂದಾಗಿ ತೆಗೆಯುತ್ತಾ ಬರುತ್ತಾರೆ. ಕುಳಿತು ಮಾಡುವ ಕೆಲಸವಾದರೆ ಬೇಗ ಹೋಗಬಹುದು. ಏಣಿ, ಭಾರದ ಕೆಲಸಕ್ಕೆ ಮೂರರಿಂದ ಆರು ತಿಂಗಳು. ಓಡುವ, ಹಾರುವ ಆಟಕ್ಕೆ ಒಂಬತ್ತು ತಿಂಗಳಿಂದ ಒಂದು ವರ್ಷ. ಹಣವಿದ್ದವರಿಗೂ ಇದರಲ್ಲಿ ಹೆಚ್ಚಿನ ರಿಯಾಯಿತಿಯಿಲ್ಲ. ಫುಟ್ಬಾಲ್ ಆಟಗಾರ ಡೇವಿಡ್ ಬೆಕ್‌ಹ್ಯಾಮ್‌ಗೆ 2010ರ ಮಾರ್ಚ್‌ನಲ್ಲಿ ಇದು ಕಡಿದಾಗ ಮರುದಿನವೇ ಫಿನ್‌ಲ್ಯಾಂಡಿನಲ್ಲಿ ಆಪರೇಷನ್ ಆಯಿತು. ಆದರೂ ಆ ವರ್ಷದ ವಿಶ್ವಕಪ್ ತಪ್ಪಿತು, ಮೈದಾನಕ್ಕೆ ಮರಳಿದ್ದು ಸೆಪ್ಟೆಂಬರ್‌ನಲ್ಲಿ. ನಮ್ಮ ಮುಹಮ್ಮದ್ ಶಮಿ ಅಕಿಲಿಸ್ ಟೆಂಡನ್ನಿನ ತೊಂದರೆಗೆ 2024ರ ಫೆಬ್ರವರಿಯಲ್ಲಿ ಲಂಡನಿನಲ್ಲಿ ಆಪರೇಷನ್ ಮಾಡಿಸಿಕೊಂಡು, ರಣಜಿ ಪಂದ್ಯಕ್ಕೆ ಇಳಿದದ್ದು ಆ ನವೆಂಬರಿನಲ್ಲಿ. ಆದ್ದರಿಂದ ಡಾಕ್ಟರ ಸರ್ಟಿಫಿಕೇಟನ್ನು ಕಂಪೆನಿಗೆ ಈಗಲೇ ಕಳುಹಿಸಿ ರಜೆ ವಿಸ್ತರಿಸಲು ಕೇಳುವುದೇ ಸರಿ. ವಿಷಯ ಮುಚ್ಚಿಟ್ಟು ಹೋಗಿ ಅಲ್ಲಿ ಮತ್ತೆ ಕಡಿದರೆ ಕಾಲೂ ಕೆಲಸವೂ ಎರಡೂ ಕೈತಪ್ಪುವ ಭಯವಿದೆ. ತುಂಬ ಹೊತ್ತಿನ ಪ್ರಯಾಣದಲ್ಲಿ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವವೂ ಇರುವುದರಿಂದ ಡಾಕ್ಟರ ಅನುಮತಿಯಿಲ್ಲದೆ ವಿಮಾನ ಹತ್ತಬಾರದು.

ಹೆಪ್ಪುಗಟ್ಟುವ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ಮೀನಖಂಡ ಗಟ್ಟಿಯಾಗಿ ಊದಿ ನೋಯುವುದು, ಇದ್ದಕ್ಕಿದ್ದಂತೆ ಏದುಸಿರು, ಎದೆನೋವು ಕಂಡರೆ ರಾತ್ರಿಯಾದರೂ ಆಸ್ಪತ್ರೆಗೆ ಓಡಬೇಕು. ಇದನ್ನು ತಡೆಯಲು ಕೆಲವರಿಗೆ ಹೊಟ್ಟೆಯ ಚರ್ಮಕ್ಕೆ ಇಂಜೆಕ್ಷನ್ ಕೊಡುತ್ತಾರೆ. ಎನಾಕ್ಸಪರಿನ್ ಎಂಬ ಆ ಔಷಧ ಹಂದಿಯ ಕರುಳಿನಿಂದ ತೆಗೆದದ್ದು. ನಮ್ಮವರಿಗೆ ಇದನ್ನು ಯಾರೂ ಹೇಳುವುದಿಲ್ಲ. ಹೇಳಿದರೆ ಗಾಬರಿಯಾಗಿ ಇಂಜೆಕ್ಷನ್ನನ್ನೇ ಬಿಟ್ಟುಬಿಡುತ್ತಾರೆ. ಎರಡೂ ಬೇಡ. ಕೃತಕವಾಗಿ ತಯಾರಾದ ಮಾತ್ರೆ, ಇಂಜೆಕ್ಷನ್‌ಗಳೂ ಇವೆ. ಅವು ನಿಮ್ಮವರಿಗೆ ಹೊಂದುತ್ತವೆಯೇ ಎಂದು ಡಾಕ್ಟರಲ್ಲಿ ಮೊದಲೇ ಕೇಳಿ. ಹೊಂದದಿದ್ದರೆ, ಬದಲಿ ಇಲ್ಲದ ಅನಿವಾರ್ಯತೆಯಲ್ಲಿ ಚಿಕಿತ್ಸೆಗೆ ಅನುಮತಿಯಿದೆಯೆಂದು ವಿದ್ವಾಂಸರು ಹೇಳಿದ್ದಾರೆ. ಡಾಕ್ಟರಲ್ಲಿ ಹೇಳದೆ ನಿಲ್ಲಿಸುವುದು ಮಾತ್ರ ಜೀವಕ್ಕೇ ಅಪಾಯ.

ಮನೆಯಲ್ಲಿ ಮೊದಲು ಸರಿಪಡಿಸಬೇಕಾದದ್ದು ಪಾಯಿಖಾನೆ. ಕುಕ್ಕರಗಾಲಲ್ಲಿ ಕೂತಾಗ ಈ ಹಗ್ಗಕ್ಕೆ ಬೀಳುವ ಎಳೆತ ಬಹಳ. ಕೆಲವು ತಿಂಗಳು ಅದು ಪೂರ್ತಿ ನಿಷಿದ್ಧ. ಕಮೋಡ್ ಇಲ್ಲದಿದ್ದರೆ ತೂತಿನ ಕುರ್ಚಿ ತರಿಸಿ. ಬಚ್ಚಲಲ್ಲಿ ಒಂದು ಸ್ಟೂಲಿರಲಿ, ನೆಲದಲ್ಲಿ ನೀರು, ಸೋಪು ಇರದಿರಲಿ. ಮತ್ತೆ ಕಡಿಯುವುದು ಹೆಚ್ಚಾಗಿ ಕಾಲು ಜಾರಿದಾಗ, ಮೆಟ್ಟಿಲು ತಪ್ಪಿದಾಗ. ಮಕ್ಕಳ ಆಟಿಕೆಗಳನ್ನು ದಾರಿಯಿಂದ ತೆಗೆದಿಡಿ.

ವುಝೂವಿನ ವಿಷಯದಲ್ಲಿ ನಮ್ಮ ಕರಾವಳಿಯ ಶಾಫಿಈಗಳಿಗೂ ಘಟ್ಟದ ಮೇಲಿನ ಹನಫೀಗಳಿಗೂ ಸ್ವಲ್ಪ ವ್ಯತ್ಯಾಸವಿದೆ. ಪ್ಲಾಸ್ಟರ್, ಬ್ಯಾಂಡೇಜಿಗೆ ಫಿಕ್ಹ್‌ನಲ್ಲಿ ಜಬೀರಾ ಎನ್ನುತ್ತಾರೆ. ಹನಫೀಗಳಲ್ಲಿ ಉಳಿದ ಅಂಗಗಳನ್ನು ತೊಳೆದು ಪ್ಲಾಸ್ಟರಿನ ಬಹುಭಾಗದ ಮೇಲೆ ಒದ್ದೆ ಕೈ ಸವರಿದರೆ ಸಾಕು. ಕಟ್ಟುವಾಗ ವುಝೂ ಇರಬೇಕೆಂದಿಲ್ಲ, ದಿನಗಳ ಮಿತಿಯಿಲ್ಲ, ಗುಣವಾದ ಮೇಲೆ ನಮಾಝ್‌ಗಳನ್ನು ಮರಳಿ ಮಾಡಬೇಕಾಗಿಲ್ಲ. ಶಾಫಿಈಗಳಲ್ಲಿ ಆರೋಗ್ಯವಾಗಿರುವ ಭಾಗ ತೊಳೆದು, ಪ್ಲಾಸ್ಟರಿನ ಮೇಲೆ ಪೂರ್ತಿಯಾಗಿ ಸವರಿ, ಒಳಗೆ ನೀರು ತಾಗದ ಭಾಗದ ಬದಲಿಗೆ ತಯಮ್ಮುಮ್ ಕೂಡ ಮಾಡಬೇಕು. ಪ್ರತಿ ಫರ್ಝ್ ನಮಾಝಿಗೂ ತಯಮ್ಮುಮ್ ಹೊಸದಾಗಿ ಬೇಕು. ಕಟ್ಟು ಅಗತ್ಯದಷ್ಟೇ ಇದ್ದು, ಶುದ್ಧಿಯಿರುವಾಗ ಕಟ್ಟಿದ್ದರೆ ಆ ನಮಾಝ್‌ಗಳನ್ನು ಮರಳಿ ಮಾಡಬೇಕಾಗಿಲ್ಲ. ಆದ್ದರಿಂದ ಪ್ಲಾಸ್ಟರ್ ಅಥವಾ ಡ್ರೆಸ್ಸಿಂಗ್ ಬದಲಿಸಲು ಹೋಗುವ ಮುನ್ನ ವುಝೂ ಮಾಡಿಕೊಂಡೇ ಹೋಗುವುದು ಒಳಿತು. ಪ್ರಜ್ಞೆ ತಪ್ಪಿಸಿ ಆಪರೇಷನ್ ಮಾಡಿದ್ದರೆ ಆಗ ವುಝೂ ಉಳಿದಿರುವುದಿಲ್ಲ. ಆ ಸಂದರ್ಭದ ವಿಧಿಯನ್ನು ಉಸ್ತಾದರಲ್ಲಿ ಕೇಳಿ ತಿಳಿಯಿರಿ. ಬೂಟಿನ ವಿಷಯ ಬೇರೆ. ತೆಗೆಯಬಾರದೆಂದು ಡಾಕ್ಟರು ಹೇಳಿದ ತನಕ ಅದೂ ಜಬೀರಾದಂತೆಯೇ. ಗಾಯ ಮಾಯ್ದು, ತೊಳೆಯಲು ತೆಗೆಯಬಹುದೆಂದ ಮೇಲೆ ಪಾದ ತೊಳೆಯಲೇಬೇಕು. ಆದರೆ ಪಾದ ಕೆಳಮುಖವಾಗಿಯೇ ಇರುವಂತೆ ಒಬ್ಬರು ಹಿಡಿದುಕೊಳ್ಳಬೇಕು.

ನಿಲ್ಲಲಾಗದವನು ಕುಳಿತು, ಕೂರಲಾಗದವನು ಮಲಗಿ ನಮಾಝ್ ಮಾಡಲೆಂದು ಪ್ರವಾದಿವರ್ಯರು(ಸ) ಇಮ್ರಾನ್ ಬಿನ್ ಹುಸೈನ್(ರ)ರಿಗೆ ಕಲಿಸಿದ್ದಾರೆ. ಕಾಲೂರಲು ಡಾಕ್ಟರು ಒಪ್ಪುವ ತನಕ ಕುರ್ಚಿಯಲ್ಲೇ ಇರಲಿ. ಒಪ್ಪಿದ ಮೇಲೆ ಕಿಯಾಮ್‌ನಲ್ಲಿ ನಿಲ್ಲಲಿ. ಆದರೆ ಬೆರಳು ಮಡಚಿ ಕೂರುವುದನ್ನೂ, ಸುಜೂದ್‌ನಿಂದ ಬೆರಳೂರಿ ಚಿಮ್ಮಿ ಏಳುವುದನ್ನೂ ಬಿಡಲಿ, ಕಾಲು ಬದಿಗೆ ಚಾಚಲಿ. ಜುಮುಆ ಅವರ ಮೇಲೆ ಕಡ್ಡಾಯವಲ್ಲ, ಮನೆಯಲ್ಲಿ ಝುಹರ್ ಮಾಡಿದರಾಯಿತು. ಮಸೀದಿಯ ಮೆಟ್ಟಿಲು ಹತ್ತಲೇಬೇಕೆಂಬ ಹಟ ಬೇಡ.

ಬೂಟು ಪೂರ್ತಿ ಬಿಟ್ಟ ಮೇಲೆ ಹಿಮ್ಮಡಿಯ ಸ್ಪರ್ಶ ಒಮ್ಮೆ ಪರೀಕ್ಷಿಸಿ ನೋಡಿ. ಪಾದದ ಹೊರ ಅಂಚು ಜೋಮು ಹಿಡಿದಂತಿದ್ದರೆ ಮುಂದಿನ ಭೇಟಿಯಲ್ಲಿ ಡಾಕ್ಟರಿಗೆ ಹೇಳಬೇಕು. ಕೆಲವರಲ್ಲಿ ತಿಂಗಳುಗಳಲ್ಲಿ ಇಳಿಯುತ್ತದೆ, ಕೆಲವರಲ್ಲಿ ಉಳಿದುಬಿಡುತ್ತದೆ. ಜೋಮು ಇರುವ ತನಕ ವುಝೂವಿಗೆ ಬಿಸಿನೀರು ಕೊಡುವಾಗ ಮೊದಲು ನಿಮ್ಮ ಕೈಯಲ್ಲಿ ನೋಡಿ ಕೊಡಿ. ಅವರ ಪಾದಕ್ಕೆ ಬಿಸಿ ಗೊತ್ತಾಗದು.